ಮೊದಲು ತೊಟ್ಟು ನೋಡಿ

ಹೋದ ಭಾನುವಾರ ಮೊಮ್ಮಗನನ್ನು ತರಕಾರಿಗೆ ಕಳಿಸಿದೆ. ತಂದ. ಚೀಲ ಸುರಿದು ನೋಡುತ್ತೇನೆ, ಬೆಂಡೆಕಾಯಿ ಮುರಿಯಲು ಹೋದರೆ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಬದನೆಕಾಯಿ ಹೆಚ್ಚಿದರೆ ಒಳಗೆಲ್ಲ ಕಂದು ಬೀಜ. ಕೊತ್ತಂಬರಿ ಕಟ್ಟಿನ ಹೊರಗಡೆ ಹಸಿರೋ ಹಸಿರು, ಬಿಚ್ಚಿದರೆ ನಡುವೆ ಲೋಳೆ. "ಏನು ನೋಡಿ ಆರಿಸಿದೆಯೋ?" ಅಂದೆ. "ಚೆನ್ನಾಗಿ ಕಾಣಿಸ್ತು ಅಜ್ಜಿ" ಅಂದ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ! ಅವನಮ್ಮ ಇನ್ನೂ ಒಂದು ಕೈ ಮೇಲು. ಅವಳು ಫೋನಿನಲ್ಲೇ ಬದನೆಕಾಯಿ ಚಿತ್ರ ಒತ್ತುತ್ತಾಳೆ, ಹತ್ತು ನಿಮಿಷಕ್ಕೆ ಯಾರೋ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಅದನ್ನು ಆರಿಸಿದವರು ಯಾರು, ಮುಟ್ಟಿ ನೋಡಿದವರು ಯಾರು? ಅರ್ಧ ಕೊಳೆತದ್ದು ಬಂದರೆ ದುಡ್ಡು ವಾಪಸ್ ಕೊಡುತ್ತಾರಂತೆ. ದುಡ್ಡು ಬೇಯಿಸಿ ಹುಳಿ ಮಾಡಲಾದೀತೇ?

ಬಾಯಲ್ಲಿ ಹೇಳಿದರೆ "ಹೂಂ" ಅಂದು ಎದ್ದು ಹೋಗುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನೀವೆಲ್ಲ ಮೈ ನೋಡಿ ಕೊಳ್ಳುತ್ತೀರಿ. ಮೈಯನ್ನು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಹೇಗೆ ಬೇಕಾದರೂ ಹೊಳೆಸಬಹುದು. ತೊಟ್ಟನ್ನು ಹಾಗೆ ಮಾಡಲಿಕ್ಕೆ ಬರುವುದಿಲ್ಲ. ಗಿಡದಿಂದ ಕಿತ್ತ ಮೇಲೆ ಮೊದಲು ಒಣಗುವುದೇ ತೊಟ್ಟು. ಯಾವ ಕಾಯಿ ಕೈಗೆತ್ತಿಕೊಂಡರೂ ಮೊದಲು ಅದನ್ನು ತಿರುಗಿಸಿ ತೊಟ್ಟು ನೋಡಿ. ಹಸಿರಾಗಿ, ಕಿತ್ತ ಜಾಗ ಇನ್ನೂ ತೇವವಾಗಿದ್ದರೆ ಅದು ನಿನ್ನೆ ಮೊನ್ನೆಯದು. ಕಪ್ಪಾಗಿ ಸುಕ್ಕಿದ್ದರೆ ಅದು ಊರೆಲ್ಲ ಸುತ್ತಿ ಬಂದದ್ದು. ಸಿಹಿಗುಂಬಳ ಮಾತ್ರ ಇದಕ್ಕೆ ತಿರುಗುಮುರುಗು. ಅದರ ತೊಟ್ಟು ಒಣಗಿ ಮರದ ತುಂಡಿನ ಹಾಗೆ ಆಗಿದ್ದರೇ ಕಾಯಿ ಬಲಿತಿದೆ, ತಿಂಗಳುಗಟ್ಟಲೆ ಇಡಬಹುದು ಅಂತ ಅರ್ಥ. ಈರುಳ್ಳಿಯ ಕುತ್ತಿಗೆಯೂ ಹಾಗೇ, ಒಣಗಿ ಮುಚ್ಚಿಕೊಂಡಿರಬೇಕು. ಅಲ್ಲಿ ಒತ್ತಿದಾಗ ಮೆತ್ತಗಾದರೆ ಒಳಗೆ ಒಂದು ಪದರ ಆಗಲೇ ಕೊಳೆತಿದೆ.

ಈಗ ಬದನೆಕಾಯಿ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಇದರಲ್ಲಿ ಮೋಸ ಹೋಗದವರನ್ನು ನಾನು ಕಂಡಿಲ್ಲ. ನಾನೂ ಹೋದವಳೇ.

1974ರಲ್ಲಿ ಮದುವೆಯಾಗಿ ಮೈಸೂರಿಗೆ ಬಂದೆ. ಬಂದ ಹದಿನೈದು ದಿನಕ್ಕೆ ನಮ್ಮತ್ತೆ ಕೈಗೆ ಚೀಲ ಕೊಟ್ಟು, "ದೇವರಾಜ ಮಾರುಕಟ್ಟೆಗೆ ಹೋಗಿ ಎಣ್ಣೆಗಾಯಿಗೆ ಬದನೆಕಾಯಿ ತಾ" ಅಂದರು. ಹಳ್ಳಿಯಿಂದ ಬಂದವಳು, ಅಷ್ಟು ದೊಡ್ಡ ಮಾರುಕಟ್ಟೆ ಕಂಡಿದ್ದೇ ಆಗ. ಒಂದು ಕಡೆ ಮಲ್ಲಿಗೆ ರಾಶಿ, ಒಂದು ಕಡೆ ಕುಂಕುಮದ ಗುಡ್ಡೆ, ಬಾಳೆಹಣ್ಣಿನ ಗೊನೆಗಳ ಸಾಲು. ನೋಡುತ್ತಾ ಮೈಮರೆತು, ಕಣ್ಣಿಗೆ ತುಂಬಿದ ದಪ್ಪ ದಪ್ಪ ಕಾಯಿ, ತೂಕವಾದದ್ದನ್ನೇ ಹೆಕ್ಕಿ ಹೆಕ್ಕಿ ತಂದೆ. ತೂಕ ಇದ್ದರೆ ತಿರುಳು ಜಾಸ್ತಿ ಅಂದುಕೊಂಡಿದ್ದೆ. ನಮ್ಮತ್ತೆ ಏನೂ ಅನ್ನಲಿಲ್ಲ. ಅದೇ ಕಾಯಿಗೆ ಮಸಾಲೆ ತುಂಬಿ ಎಣ್ಣೆಗಾಯಿ ಮಾಡಿದರು. ಊಟಕ್ಕೆ ಕೂತಾಗ ನನ್ನ ಎಲೆಗೆ ಎರಡು ಜಾಸ್ತಿ ಬಡಿಸಿದರು. ಬಾಯಿಗಿಟ್ಟರೆ ಬರೀ ಬೀಜ, ಗಂಟಲಲ್ಲಿ ಕೆರೆತ. ಮಾವನವರು ಒಂದು ತುತ್ತು ತಿಂದು ತಲೆಯೆತ್ತದೆ, "ಇದು ಬದನೆಕಾಯಿಯೋ, ಎಳ್ಳಿನ ಚೀಲವೋ?" ಅಂದರು. ಮಾರನೆಯ ದಿನ ಅತ್ತೆ ತಾವೇ ಜೊತೆಗೆ ಬಂದರು. ಮಾರುಕಟ್ಟೆಯಲ್ಲಿ ಕಾಯಿ ಮಾರುವ ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು ಕಲಿಸಿಕೊಟ್ಟದ್ದು ಇದು.

ಒಂದೇ ಗಾತ್ರದ ಎರಡು ಕಾಯಿ ತೆಗೆದುಕೊಳ್ಳಿ, ಎರಡು ಅಂಗೈಯಲ್ಲಿ ಒಂದೊಂದು ಇಡಿ. ಕಣ್ಣು ಮುಚ್ಚಿದರೆ ಇನ್ನೂ ಒಳ್ಳೆಯದು, ಸುತ್ತಲಿನವರು ನಗಲಿ ಬಿಡಿ. ಹಗುರವಾದದ್ದು ಎಳೆಯದು, ಅದನ್ನು ಇಟ್ಟುಕೊಳ್ಳಿ. ಭಾರವಾದದ್ದರಲ್ಲಿ ಬೀಜ ತುಂಬಿರುತ್ತದೆ. ಆಮೇಲೆ ಹೆಬ್ಬೆರಳಿನ ಮೆತ್ತನೆಯ ಭಾಗದಿಂದ, ಉಗುರಿನಿಂದಲ್ಲ, ಕಾಯಿಯ ಹೊಟ್ಟೆಯನ್ನು ಸ್ವಲ್ಪ ಒತ್ತಿ ಬಿಡಿ. ತಗ್ಗು ತಕ್ಷಣ ಮೇಲೆದ್ದು ಬಂದರೆ ಸರಿ. ಒತ್ತಿದ ಗುರುತು ಹಾಗೇ ನಿಂತರೆ ಕಾಯಿ ಬಲಿತು ಸೊರಗಿದೆ. ಇಷ್ಟನ್ನು ಹಲವರು ಮಾಡುತ್ತಾರೆ. ಮುಂದಿನದ್ದನ್ನು ಯಾರೂ ಮಾಡುವುದಿಲ್ಲ.

ಬದನೆಕಾಯಿಗೆ ತಲೆಯ ಮೇಲೆ ಒಂದು ಟೋಪಿ ಇದೆಯಲ್ಲ, ಹಸಿರು ಎಸಳಿನದ್ದು, ಅದರ ಒಂದು ತುದಿಯನ್ನು ಉಗುರಿನಿಂದ ಮೆಲ್ಲಗೆ ಎತ್ತಿ ಕೆಳಗೆ ಇಣುಕಿ. ಕಿತ್ತುಹಾಕಬೇಡಿ, ಎತ್ತಿ ಅಷ್ಟೆ. ಟೋಪಿಯ ಅಡಿಯಲ್ಲಿ ಬಿಸಿಲು ತಾಗದ ಜಾಗ ಇರುತ್ತದೆ. ನೇರಳೆ ಕಾಯಿಯಾದರೆ ಅಲ್ಲಿ ಬೆಳ್ಳಗೆ, ಇಲ್ಲವೇ ತಿಳಿ ಹಸಿರಾಗಿ ಒಂದು ಪಟ್ಟಿ ಕಾಣಬೇಕು. ಆ ಪಟ್ಟಿ ಅಗಲವಾಗಿದ್ದರೆ ಕಾಯಿ ಗಿಡದಲ್ಲಿ ಇನ್ನೂ ಬೆಳೆಯುತ್ತಿದ್ದಾಗಲೇ ಕಿತ್ತದ್ದು, ಬೆಣ್ಣೆಯ ಹಾಗೆ ಬೇಯುತ್ತದೆ. ಪಟ್ಟಿ ಕೂದಲೆಳೆಯಷ್ಟಾಗಿದ್ದರೆ, ಇಲ್ಲವೇ ಇಲ್ಲದಿದ್ದರೆ, ಬೆಳವಣಿಗೆ ನಿಂತು ಬೀಜ ಕಟ್ಟಿದೆ. ಹೊರಗೆ ಎಷ್ಟೇ ಮಿರಮಿರ ಮಿಂಚಲಿ, ವಾಪಸ್ ಇಡಿ. ಟೋಪಿಯ ಮುಳ್ಳು ಬೆರಳಿಗೆ ಚುಚ್ಚಬೇಕು. ಚುಚ್ಚದೆ ಮೆತ್ತಗೆ ಬಾಗಿದರೆ ಕಾಯಿ ಕಿತ್ತು ದಿನವಾಗಿದೆ. ನಮ್ಮತ್ತೆ, "ಚುಚ್ಚಿಸಿಕೊಳ್ಳದೆ ಬದನೆಕಾಯಿ ತರಬೇಡ" ಅನ್ನುತ್ತಿದ್ದರು. ನಮ್ಮ ಮೈಸೂರಿನ ಈರನಗೆರೆ ಬದನೆಯಂಥ ಹಸಿರು ಕಾಯಿಗೆ ಈ ಬಿಳಿ ಪಟ್ಟಿ ಅಷ್ಟು ಎದ್ದು ಕಾಣುವುದಿಲ್ಲ. ಅದಕ್ಕೆ ಬುಡ ನೋಡಿ, ಹಸಿರು ಹಳದಿಗೆ ತಿರುಗಿದ್ದರೆ ಬಲಿತಿದೆ.

ಹುಳುವಿನ ಮಾತು. ಮೈಯಲ್ಲಿ ತೂತು ಕಂಡರೆ ಎಲ್ಲರೂ ಬಿಸಾಡುತ್ತಾರೆ, ಸರಿಯೇ. ಆದರೆ ಆ ತೂತು ಸಾಮಾನ್ಯವಾಗಿ ಹುಳು ಹೊರಗೆ ಹೋದ ದಾರಿ. ಒಳಗೆ ಹೊಕ್ಕದ್ದು ಮರಿಯಾಗಿದ್ದಾಗ, ಎಷ್ಟೋ ಸಲ ಆ ಟೋಪಿಯ ಅಡಿಯಿಂದಲೇ, ಆ ಗಾಯ ಮುಚ್ಚಿಕೊಂಡುಬಿಡುತ್ತದೆ. ಹಾಗಾಗಿ ತೂತಿಲ್ಲದ ಕಾಯಿಯನ್ನೂ ಎಣ್ಣೆಗಾಯಿಗೆ ನಾಲ್ಕು ಸೀಳಿದಾಗ ಬೆಳಕಿಗೆ ಹಿಡಿದು ನೋಡಿ. ಸೀಳಿದ್ದನ್ನು ತಕ್ಷಣ ನೀರಿಗೆ ಹಾಕಬೇಕು ಅಂತ ನಿಮಗೆ ಹೇಳಿಕೊಡಬೇಕಿಲ್ಲ. ಇನ್ನು ಬದನೆಯಲ್ಲಿ ಗಂಡು ಹೆಣ್ಣು ಇದೆ, ಬುಡದ ಗುರುತು ಗುಂಡಗಿದ್ದರೆ ಗಂಡು, ಉದ್ದವಿದ್ದರೆ ಹೆಣ್ಣು ಅಂತ ನನ್ನ ನಾದಿನಿ ದಿನಾ ವಾಟ್ಸಾಪ್ ಕಳಿಸುತ್ತಾಳೆ. ಕಾಯಿಗೆ ಎಲ್ಲಿಯ ಗಂಡು ಹೆಣ್ಣು! ಟೋಪಿ ಎತ್ತಿ ನೋಡು ಅಂದರೆ ಅದಕ್ಕೆ ಪುರುಸೊತ್ತಿಲ್ಲ.

ಬೆಂಡೆಕಾಯಿ ತುದಿ ಮುರಿದು ನೋಡುವುದನ್ನು ಈಗಿನ ಹುಡುಗಿಯರು ಎಲ್ಲಿಂದಲೋ ಕಲಿತಿದ್ದಾರೆ. ಕಲಿತದ್ದೂ ಅರ್ಧ. ಒಬ್ಬಳನ್ನು ನೋಡಿದೆ, ಗಾಡಿಯ ಮುಂದೆ ನಿಂತು ಮೂವತ್ತು ಬೆಂಡೆಕಾಯಿಯ ತುದಿ ಲಟಲಟ ಮುರಿದು, ಹತ್ತು ತೆಗೆದುಕೊಂಡು, ಉಳಿದದ್ದನ್ನು ಅಲ್ಲೇ ಬಿಟ್ಟು ಹೋದಳು. ಮುರಿದ ಕಾಯಿಯನ್ನು ಆಮೇಲೆ ಯಾರು ಕೊಳ್ಳುತ್ತಾರೆ? ಆ ಗಾಡಿಯವನ ಮುಖ ನೋಡಲಾಗಲಿಲ್ಲ. ಬೇಕಾದರೆ ಒಂದು ಮುರಿಯಿರಿ, ಅದನ್ನು ನಿಮ್ಮ ತಕ್ಕಡಿಗೇ ಹಾಕಿ. ಉಳಿದದ್ದಕ್ಕೆ ತುದಿಯನ್ನು ಬೆರಳಿಂದ ಸ್ವಲ್ಪ ತಳ್ಳಿದರೆ ಸಾಕು, ಮುರಿಯುವ ಕಾಯಿ ಮುರಿಯುವ ಮೊದಲೇ ಕೈಗೆ ತಿಳಿಯುತ್ತದೆ. ಸೋರೆಕಾಯಿಗೆ ಉಗುರು ಚುಚ್ಚುವವರಿಗೂ ಇದೇ ಮಾತು. ಎಳೆ ಸೋರೆಯ ಮೈಮೇಲೆ ಸಣ್ಣ ನವಿರು ಇರುತ್ತದೆ, ಕೈಯಾಡಿಸಿದರೆ ಗೊತ್ತಾಗುತ್ತದೆ, ಗಾಯ ಮಾಡಬೇಕಿಲ್ಲ.

ಹುರುಳಿಕಾಯಿ ಎರಡು ತುಂಡಾಗುವಾಗ ಸದ್ದು ಬರಬೇಕು, ಒಳಗಿನ ಕಾಳು ಮೇಲಿನಿಂದ ಉಬ್ಬಿ ಕಾಣಬಾರದು. ನುಗ್ಗೆಕಾಯಿ ಕಡ್ಡಿಯ ಹಾಗೆ ಸಣ್ಣಗಿದ್ದರೆ ತಿರುಳಿರುವುದಿಲ್ಲ, ಗಂಟು ಗಂಟು ಉಬ್ಬಿದ್ದರೆ ನಾರು. ಎರಡರ ನಡುವಿನದ್ದು ಬೇಕು. ಹಸಿರು ಬಣ್ಣ ತಿರುಗಿದ ಆಲೂಗಡ್ಡೆ ಎಷ್ಟು ಅಗ್ಗವಾದರೂ ಬೇಡ, ಅದು ಬೆಳಕು ತಾಗಿ ವಿಷವಾದದ್ದು.

ಅವರೆಕಾಯಿ ಕಾಲದಲ್ಲಿ, ಅಂದರೆ ಡಿಸೆಂಬರು ಜನವರಿಯಲ್ಲಿ, ಕಣ್ಣಿಗೆ ಕೆಲಸವೇ ಇಲ್ಲ, ಮೂಗು ಸಾಕು. ರಾಶಿಗೆ ಕೈ ಹಾಕಿ ನಾಲ್ಕು ಕಾಯಿ ಉಜ್ಜಿ, ಬೆರಳು ಮೂಸಿ. ಸೊಗಡು ಬೆರಳಿಗೆ ಅಂಟಿಕೊಳ್ಳಬೇಕು, ಜಿಡ್ಡು ಜಿಡ್ಡಾಗಬೇಕು. ಮನೆಗೆ ಬಂದು ಸೋಪು ಹಚ್ಚಿ ತೊಳೆದರೂ ಹೋಗದಿದ್ದರೆ ಅದು ಅವರೆಕಾಯಿ. ಈಗ ಸೊಗಡಿಲ್ಲದ ಅವರೆ ವರ್ಷವಿಡೀ ಸಿಗುತ್ತದೆ, ಹಿತಕಿದ ಬೇಳೆ ಸಾರು ಮಾಡಿ ನೋಡಿ, ಬರೀ ಬೇಳೆ ಬೇಯಿಸಿದ ಹಾಗಿರುತ್ತದೆ.

ಸೊಪ್ಪು ಬೆಳಿಗ್ಗೆ ಎಂಟರೊಳಗೆ ಕೊಳ್ಳಿ. ಸಂಜೆಯ ಸೊಪ್ಪಿಗೆ ಅವರು ನೀರು ಹೊಡೆದು ಹೊಡೆದು ನಿಲ್ಲಿಸಿರುತ್ತಾರೆ. ಕಟ್ಟಿನ ನಡುವೆ ಎರಡು ಬೆರಳು ತೂರಿಸಿ. ಬೆಚ್ಚಗಿದ್ದರೆ, ಇಲ್ಲ ಜಾರಿದರೆ, ಒಳಗೆ ಕೊಳೆಯಲು ಶುರುವಾಗಿದೆ. ಕೊತ್ತಂಬರಿಯ ಬೇರು ಮುರಿದು ಮೂಸಿ, ನಾಟಿಯದ್ದಾದರೆ ಬೇರಿನಿಂದಲೇ ಘಮ ಬರುತ್ತದೆ. ಆ ಬೇರನ್ನು ಬಿಸಾಡುತ್ತೀರಲ್ಲ, ಚೆನ್ನಾಗಿ ತೊಳೆದು ಸಾರಿಗೆ ಹಾಕಬಾರದೇ?

ನಿಂಬೆಹಣ್ಣು ದಪ್ಪ ಸಿಪ್ಪೆಯದ್ದು ತರಬೇಡಿ. ನುಣುಪಾಗಿ, ತೆಳ್ಳಗೆ, ಕೈಯಲ್ಲಿ ಭಾರವಾಗಿರಬೇಕು. ಬದನೆಗೆ ಹಗುರ, ನಿಂಬೆಗೆ ಭಾರ, ಗೊಂದಲ ಮಾಡಿಕೊಳ್ಳಬೇಡಿ. ಹಿಂಡಿದ ಹೋಳನ್ನು ಉಪ್ಪು ಅದ್ದಿ ತಾಮ್ರದ ತಂಬಿಗೆಗೆ ಉಜ್ಜಿ, ಹೊಸದರ ಹಾಗಾಗುತ್ತದೆ. ಆದರೆ ತೊಳೆದು ಹಾಗೇ ಕವುಚಿ ಹಾಕುತ್ತಾಳೆ ನನ್ನ ಸೊಸೆ, ಸಂಜೆಗೆ ಮತ್ತೆ ಕಲೆ ಕಲೆ. ಒಣ ಬಟ್ಟೆಯಲ್ಲಿ ಒರೆಸಿಡಬೇಕು ಅಂತ ಎಷ್ಟು ಸಲ ಹೇಳಲಿ.

ಹಣ್ಣಿಗೂ ತೊಟ್ಟೇ. ಮಾವಿನಹಣ್ಣನ್ನು ಮೈಗೆ ಮೂಸಿದರೆ ಹುಲ್ಲಿನ ವಾಸನೆಯೂ ಬಂದೀತು, ತೊಟ್ಟಿನ ಹತ್ತಿರ ಮೂಗಿಡಿ. ರಸಪುರಿಯಾಗಲಿ ಬಾದಾಮಿಯಾಗಲಿ ಅಲ್ಲಿ ಘಮ ಇಲ್ಲದಿದ್ದರೆ ಒಳಗೂ ಇಲ್ಲ. ತೊಟ್ಟಿನ ಎರಡು ಪಕ್ಕದ ಹೆಗಲು ಉಬ್ಬಿ, ತೊಟ್ಟು ಗುಳಿಯಲ್ಲಿ ಕೂತಿದ್ದರೆ ಮರದಲ್ಲಿ ಬಲಿತ ಕಾಯಿ. ಬುಟ್ಟಿಯ ಹಣ್ಣೆಲ್ಲ ಅಚ್ಚು ಹಾಕಿದಂತೆ ಒಂದೇ ಹಳದಿ, ವಾಸನೆ ಇಲ್ಲ, ಒತ್ತಿದರೆ ಗಟ್ಟಿ ಅಂದರೆ ಪುಡಿ ಹಾಕಿ ಹಣ್ಣು ಮಾಡಿರಬಹುದು, ಮುಂದಿನ ಅಂಗಡಿಗೆ ನಡೆಯಿರಿ. ಆ ಪುಡಿ ಅಂದರೆ ಕ್ಯಾಲ್ಸಿಯಂ ಕಾರ್ಬೈಡ್, ಅದನ್ನು ಬಳಸಬಾರದು ಅಂತ 2011ರ ಆಹಾರ ಸುರಕ್ಷತಾ ನಿಯಮಗಳಲ್ಲೇ ಇದೆ, ಅದರಲ್ಲಿ ಆರ್ಸೆನಿಕ್ ಅನ್ನುವ ವಿಷದ ಬೆರಕೆ ಇರುತ್ತದಂತೆ. ಎಥಿಲಿನ್ ಅನಿಲಕ್ಕೆ ಒಪ್ಪಿಗೆ ಇದೆ, ಅದು ಹಣ್ಣು ತಾನಾಗಿ ಮಾಗುವಾಗ ಬಿಡುವ ಅನಿಲವೇ ಅಂತ ಮಗ ಹೇಳಿದ. ಇರಲಿ, ನಮ್ಮ ಮನೆಯಲ್ಲಿ ಕಾಯಿ ತಂದು ಹುಲ್ಲಿನಲ್ಲಿ ಹಾಕುತ್ತಿದ್ದೆವು, ದಿನಕ್ಕೆರಡು ಸಲ ಹುಲ್ಲು ಸರಿಸಿ ನೋಡುವುದೇ ಮಕ್ಕಳ ಕೆಲಸ.

ಬಾಳೆಹಣ್ಣಿನ ಮೈಯೆಲ್ಲ ಅರಿಸಿನ, ತೊಟ್ಟು ಮಾತ್ರ ಹಚ್ಚ ಹಸಿರು ಇದ್ದರೆ ಅವಸರದಲ್ಲಿ ಮಾಗಿಸಿದ್ದು. ಏಲಕ್ಕಿ ಬಾಳೆಯ ಮೇಲೆ ಕಪ್ಪು ಚುಕ್ಕೆ ಬಂದರೆ ಮೂಗು ಮುರಿಯುತ್ತೀರಿ, ಅದು ಸಿಹಿಯಾದ ಗುರುತು. ನಂಜನಗೂಡು ರಸಬಾಳೆಯಂತೂ ಸಿಪ್ಪೆ ಕಪ್ಪಾಗುವವರೆಗೆ ಮಾವನವರು ಮುಟ್ಟಲು ಬಿಡುತ್ತಿರಲಿಲ್ಲ. ಪನಾಮ ರೋಗ ಬಿದ್ದು ತೋಟಗಳೇ ಹೋದವು, ಈಗ ಇದು ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ, ಹಣ್ಣು ಸಿಗುವುದೇ ಕಷ್ಟ. ಆ ಹೆಸರು ಹೇಳಿ ಬೇರೆ ಬಾಳೆ ಕೊಡುವವರೂ ಇದ್ದಾರೆ. ಕಲ್ಲಂಗಡಿಗೆ ತಟ್ಟಿ ನೋಡುವ ಮೊದಲು ಹೊಟ್ಟೆ ತಿರುಗಿಸಿ. ನೆಲಕ್ಕೆ ತಾಗಿದ ಮಚ್ಚೆ ಬೆಣ್ಣೆಯಂತೆ ಹಳದಿ ಇರಬೇಕು. ಬಿಳಿ ಇದ್ದರೆ ಹಣ್ಣಾಗುವ ಮೊದಲೇ ಕಿತ್ತಿದ್ದಾರೆ.

ಒಂದು ಮಾತು ಮರೆತಿದ್ದೆ. ಸೋರೆಕಾಯಿ, ಹೀರೆಕಾಯಿ, ಸೌತೆಕಾಯಿ ಎಷ್ಟೇ ಚೆನ್ನಾಗಿ ಆರಿಸಿ ತಂದರೂ ಹೆಚ್ಚಿದ ಕೂಡಲೇ ತೊಟ್ಟಿನ ಕಡೆಯ ಚೂರೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಅನ್ನಿಸಿದರೆ ಉಗಿದು, ಇಡೀ ಕಾಯಿ ಎಸೆಯಿರಿ. ಮಜ್ಜಿಗೆಯಲ್ಲಿ ನೆನೆಸಿದರೆ, ಬೆಲ್ಲ ಹಾಕಿದರೆ, ಬೇಯಿಸಿದರೆ ಸರಿ ಹೋಗುತ್ತದೆ ಅನ್ನುವುದೆಲ್ಲ ಸುಳ್ಳು, ಆ ಕಹಿ ಬೇಯಿಸಿದರೂ ಹೋಗದ ವಿಷ. ತೂಕ ಇಳಿಸಬೇಕು ಅಂತ ಬೆಳಿಗ್ಗೆ ಎದ್ದು ಸೋರೆಕಾಯಿ ರಸ ಕುಡಿಯುವವರಿಗೆ ಇದನ್ನು ಎರಡು ಸಲ ಹೇಳುತ್ತೇನೆ, ಕಹಿ ರಸ ಕುಡಿದು ಸತ್ತವರಿದ್ದಾರೆ. ಎಸೆಯಲು ಮನಸ್ಸು ಬಾರದೆ ಬೀದಿಯ ಹಸುವಿಗೆ ಹಾಕುವವರೂ ಇದ್ದಾರೆ. ಹಸುವಿಗೂ ಹಾಕಬೇಡಿ.