ಆಟೋಕ್ಲೇವ್ ಇಲ್ಲದೆ ಕಾರ್ಬನ್ ಪ್ಯಾನೆಲ್: ಭೋಸರಿ ಶೆಡ್ಡಿನ ಲೆಕ್ಕ

ಆಟೋಕ್ಲೇವ್ (ಒತ್ತಡ ಹಾಕಿ ಬೇಯಿಸುವ ದೊಡ್ಡ ಪಾತ್ರೆ) ಇಲ್ಲದೆ, ಬರೀ ವ್ಯಾಕ್ಯೂಮ್ ಬ್ಯಾಗಿನಲ್ಲಿ (ಒಳಗಿನ ಗಾಳಿ ಎಳೆದು ಪದರಗಳನ್ನು ಅದುಮುವ ಪ್ಲಾಸ್ಟಿಕ್ ಹೊದಿಕೆ), ಅದೂ ಪುಣೆಯ ಮಳೆಗಾಲದಲ್ಲಿ, ವಿಮಾನಕ್ಕೆ ಹಾಕುವಂಥ ಕಾರ್ಬನ್ ಪ್ಯಾನೆಲ್ ಬರುವುದಿಲ್ಲ ಎಂದು ಹೇಳದವರೇ ಕಡಿಮೆ. ಬಂದಿದೆ. ಪೈಲಟ್ ಇಲ್ಲದ ವಿಮಾನದ ಆಕ್ಸೆಸ್ ಪ್ಯಾನೆಲ್ (ಒಳಗಿನದನ್ನು ತೆರೆದು ನೋಡುವ ಮುಚ್ಚಳ) ಅದು. ಅಳತೆ 600×450 ಮಿಮೀ ಆಸುಪಾಸು, 200 ಜಿಎಸ್‌ಎಂ ಟ್ವಿಲ್ ನೇಯ್ಗೆಯ ಪ್ರೀಪ್ರೆಗ್ (ರೆಸಿನ್ ಎಂಬ ಅಂಟನ್ನು ಮೊದಲೇ ಸೇರಿಸಿದ ಕಾರ್ಬನ್ ಬಟ್ಟೆ) 8 ಪದರ, ದಪ್ಪ 1.65 ಮಿಮೀ. ಆಗಸ್ಟ್‌ನಲ್ಲಿ ತೆಗೆದ ಬ್ಯಾಚಿನಲ್ಲಿ ವಾಯ್ಡ್ (ಒಳಗೆ ಉಳಿಯುವ ಗುಳ್ಳೆ) ಶೇ. 1ರ ಒಳಗೇ ಇತ್ತು. ರೆಸಿನ್ ಕರಗಿಸಿ ಅಳೆಯುವ ಆಸಿಡ್ ಡೈಜೆಶನ್‌ನಲ್ಲೂ ಅಷ್ಟೇ, ಪಾಲಿಶ್ ಮಾಡಿ ಮೈಕ್ರೋಸ್ಕೋಪಿನಡಿ ಇಟ್ಟಾಗಲೂ ಅಷ್ಟೇ.

ದುಡ್ಡಿನ ಮಾತು ಮೊದಲು. ಒಂದೂವರೆ ಮೀಟರ್ ವ್ಯಾಸದ ಆಟೋಕ್ಲೇವ್, ಅದಕ್ಕೆ ನೈಟ್ರೋಜನ್, ಪ್ರೆಶರ್ ವೆಸೆಲ್ ತಪಾಸಣೆ ಎಲ್ಲ ಸೇರಿಸಿ ಬಂದ ಕೊಟೇಶನ್ ಒಂದೂವರೆ ಕೋಟಿ ದಾಟಿತ್ತು. ಓವನ್ನು ಪುಣೆ ಪಕ್ಕದ ಭೋಸರಿಯಲ್ಲೇ ಮಾಡಿಸಿದ್ದು: 18 ಕಿಲೋವಾಟ್ ಹೀಟರ್, ದೊಡ್ಡ ಬ್ಲೋವರ್, ಸುಮಾರು 8 ಲಕ್ಷ. ಪಂಪು, ತೇವ ತೆಗೆಯುವ ಡೀಹ್ಯೂಮಿಡಿಫೈಯರ್ ಇರುವ ಲೇಅಪ್ ರೂಮು (ಪದರ ಜೋಡಿಸುವ ಕೋಣೆ) ಸೇರಿ ಇನ್ನೊಂದು 6 ಲಕ್ಷ. ಒಂದು ಪ್ಯಾನೆಲ್ ಸ್ಕ್ರ್ಯಾಪ್ ಆದರೆ ಪ್ರೀಪ್ರೆಗ್ಗೇ 3 ಚದರ ಮೀಟರಿಗಿಂತ ಜಾಸ್ತಿ, ಹತ್ತಿರಹತ್ತಿರ 19 ಸಾವಿರ. ಬ್ಯಾಗು, ಟೇಪು, ಬ್ರೀದರ್ (ಗಾಳಿ ಹರಿಯಲು ಬ್ಯಾಗಿನಡಿ ಹಾಸುವ ಬಟ್ಟೆ) ಬೇರೆ. ಮೊದಮೊದಲ ಪ್ಯಾನೆಲ್‌ಗಳಲ್ಲಿ ವಾಯ್ಡ್ ಶೇ. 3-4 ಇತ್ತು, ಎಲ್ಲವೂ ಗುಜರಿಗೆ ಹೋದವು. ವಾಯ್ಡ್ ಶೇ. 1 ಏರಿದರೆ ಪದರಗಳ ನಡುವಿನ ಶಿಯರ್ ಬಲ ಸುಮಾರು ಶೇ. 7 ಇಳಿಯುತ್ತದೆ. ಹಾಗಾಗಿ ಶೇ. 3 ಎಂದರೆ ಯಾರೂ ಮುಟ್ಟುವುದಿಲ್ಲ, ಮುಟ್ಟಲೂಬಾರದು.

ಎಲ್ಲರೂ ಒತ್ತಡದ ಹಿಂದೆ ಬೀಳುತ್ತಾರೆ. ಆಟೋಕ್ಲೇವಿನಲ್ಲಿ 6-7 ಬಾರ್, ನಮ್ಮಲ್ಲಿ 1 ಬಾರ್ ಕೂಡ ಇಲ್ಲ. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಮೇಲಿದೆ, ಗಾಳಿಯ ಒತ್ತಡ ಸುಮಾರು 945 ಮಿಲಿಬಾರ್. ಗೇಜಿನಲ್ಲಿ ಅದು ಪಾದರಸದ 28 ಇಂಚಿಗೆ ಸ್ವಲ್ಪ ಕಡಿಮೆ. ಡೇಟಾಶೀಟಿನಲ್ಲಿ 28 ಇಂಚು ಬೇಕೇಬೇಕು ಎಂದು ಬರೆದಿದ್ದರೆ, ಇಲ್ಲಿ ಪೂರ್ತಿ ಶೂನ್ಯ ಮಾಡಿದರೂ ಮುಳ್ಳು ಅಲ್ಲಿಗೆ ಹೋಗುವುದಿಲ್ಲ. ಇಲ್ಲದ ಲೀಕ್ ಹುಡುಕುತ್ತಾ ದಿನ ಕಳೆಯುವವರನ್ನು ಕಂಡಿದ್ದೇನೆ. ಬೆಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಇದು ಇನ್ನೂ ಕಡಿಮೆ, ಹೆಚ್ಚೆಂದರೆ 27 ಇಂಚು. ಬೆಳಗಾವಿ ಇವೆರಡರ ನಡುವೆ. ಡಯಲ್ ಗೇಜ್ ಬಿಟ್ಟು ಪೂರ್ತಿ ಶೂನ್ಯದಿಂದ ಅಳೆಯುವ ಆ್ಯಬ್ಸೊಲ್ಯೂಟ್ ಗೇಜ್ ಹಾಕಿ. ಬ್ಯಾಗಿನೊಳಗೆ 10 ಮಿಲಿಬಾರಿಗಿಂತ ಕಡಿಮೆ ಉಳಿದಿರಬೇಕು, ಪಂಪ್ ಕಟ್ ಮಾಡಿದ ಮೇಲೆ 10 ನಿಮಿಷದಲ್ಲಿ 5 ಮಿಲಿಬಾರಿಗಿಂತ ಹೆಚ್ಚು ಏರಬಾರದು. ಸಾಮಾನ್ಯವಾಗಿ ಒಪ್ಪುವ ಮಿತಿ ಇದಕ್ಕಿಂತ ಸಡಿಲ, ಆದರೆ ಆ ಸಡಿಲಿಕೆ ಆಟೋಕ್ಲೇವ್ ಇರುವವರಿಗೆ.

ನಿಜವಾದ ಶತ್ರು ನೀರು. ರೆಸಿನ್ ಗಾಳಿಯ ತೇವ ಹೀರಿಕೊಂಡೇ ಇರುತ್ತದೆ. 120 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ ಸುಮಾರು 2 ಬಾರ್. ಲೇಅಪ್ ರೂಮಿನ ತೇವಾಂಶ ಶೇ. 50 ಇದ್ದರೆ ರೆಸಿನ್ನಿನೊಳಗಿನ ಆವಿ ಸುಮಾರು 1 ಬಾರಿನಲ್ಲಿ ಒದೆಯುತ್ತದೆ, ಅಂದರೆ ಬ್ಯಾಗಿನ ಪೂರ್ತಿ ಬಲದಷ್ಟು. ಗುಳ್ಳೆ ಬೆಳೆಯದೆ ಏನಾಗುತ್ತದೆ? ಅದೇ 80 ಡಿಗ್ರಿಯಲ್ಲಿ ಶುದ್ಧ ನೀರಿನ ಆವಿಯದೇ ಅರ್ಧ ಬಾರಿಗಿಂತ ಕಡಿಮೆ. ಆದ್ದರಿಂದ ಜೆಲ್ ಆಗುವುದು (ರೆಸಿನ್ ಹರಿಯದಷ್ಟು ಗಟ್ಟಿಯಾಗುವುದು) 80ರಲ್ಲೇ ಆಗಬೇಕು. ನಿಮಿಷಕ್ಕೆ ಒಂದು ಡಿಗ್ರಿಯಂತೆ 80ಕ್ಕೆ ಏರಿಸಿ, ನಾವು ಬಳಸುವ ರೆಸಿನ್ನಿಗೆ 11-12 ಗಂಟೆ ಹಿಡಿಯುತ್ತೇವೆ. ಆಮೇಲೆ ಟೂಲಿನಿಂದ (ಅಚ್ಚಿನಿಂದ) ಬಿಡಿಸಿ, ಬ್ಯಾಗಿಲ್ಲದೆ, ನಿಮಿಷಕ್ಕೆ 0.3 ಡಿಗ್ರಿಯಂತೆ 180ರವರೆಗೆ ಮತ್ತೆ ಬೇಯಿಸುವ ಪೋಸ್ಟ್‌ಕ್ಯೂರ್. ಇಲ್ಲಿ ಅವಸರ ಮಾಡಿದರೆ ರೆಸಿನ್ನಿನ ಟಿಜಿಯನ್ನು (ಅದು ಮೆತ್ತಗಾಗುವ ಉಷ್ಣತೆಯನ್ನು) ಓವನ್ನಿನ ಶಾಖ ಹಿಂದೆ ಹಾಕುತ್ತದೆ, ಪ್ಯಾನೆಲ್ ತನ್ನ ಭಾರಕ್ಕೇ ಬಾಗುತ್ತದೆ.

ರೂಮಿನ ತೇವಾಂಶ ಶೇ. 35ರ ಒಳಗಿರಲಿ. ಜುಲೈನಲ್ಲಿ ಹೊರಗೆ 85-90 ಇದ್ದಾಗ ಬಾಗಿಲು ಒಮ್ಮೆ ತೆರೆದರೂ ಗೊತ್ತಾಗುತ್ತದೆ. ಮೈನಸ್ 18ರ ಫ್ರೀಜರಿನಿಂದ ತೆಗೆದ ರೋಲಿಗೆ ಕಟ್ಟಿದ ಕವರಿನಲ್ಲೇ ಇಡೀ ರಾತ್ರಿ ಬೇಕು. ಕವರಿನ ಹೊರಮೈ ಬೆವರುವುದು ನಿಲ್ಲುವವರೆಗೆ ಬಿಚ್ಚುವಂತಿಲ್ಲ. ಈಗ ನಾವು ರೋಲ್ ಹೊರಗೆ ತೆಗೆಯುವುದೇ ಅಪರೂಪ. ಪದರಗಳನ್ನು ಒಮ್ಮೆಗೇ ಕತ್ತರಿಸಿ, ಪ್ಯಾನೆಲ್ಲಿಗೆ ಒಂದರಂತೆ ಕಿಟ್ ಸೀಲ್ ಮಾಡಿ ಮತ್ತೆ ಫ್ರೀಜರಿಗೆ. ಕಿಟ್ ಎರಡು-ಮೂರು ಗಂಟೆಯಲ್ಲಿ ಸಿದ್ಧ, ಫ್ರೀಜರಿನ ಹೊರಗೆ ಇಡಬಹುದಾದ ಅವಧಿ, ಅಂದರೆ ಔಟ್‌ಲೈಫೂ ಉಳಿಯುತ್ತದೆ. ಮಳೆಗಾಲದಲ್ಲಿ ಪಂಪಿನ ಎಣ್ಣೆ ಹಾಲಿನಂತೆ ಬೆಳ್ಳಗಾದರೆ ಅದರೊಳಗೆ ನೀರು ಸೇರಿದೆ ಎಂದರ್ಥ. ಗ್ಯಾಸ್ ಬ್ಯಾಲಸ್ಟ್ (ಪಂಪಿಗೆ ತುಸು ಹೊರಗಾಳಿ ಬಿಡುವ ವಾಲ್ವ್) ತೆರೆದು ಓಡಿಸಿ, ಎಣ್ಣೆ ಬದಲಿಸಿ.

ಗಾಳಿಗೆ ದಾರಿ ಬೇಕು, ಅದೂ ಅಂಚಿನಿಂದ. ಆಟೋಕ್ಲೇವ್ ಬೇಡದ ಈ ಬಗೆಯ ಪ್ರೀಪ್ರೆಗ್ಗಿನಲ್ಲಿ ನಡುವಿನ ನೂಲು ಒಣಗಿಯೇ ಇರುತ್ತದೆ, ಗಾಳಿ ಅದರೊಳಗೇ ಹರಿದು ಹೊರಗೆ ಹೋಗಬೇಕು. ಆಟೋಕ್ಲೇವ್ ಅಭ್ಯಾಸದವರು ಅಂಚನ್ನು ಟೇಪಿನಿಂದ ಮುಚ್ಚಿ, ಮೇಲೆ ತೂತಿನ ರಿಲೀಸ್ ಫಿಲ್ಮ್ (ರೆಸಿನ್ ಅಂಟದ ಹಾಳೆ) ಹಾಕುತ್ತಾರೆ. ಎರಡೂ ಬೇಡ. ತೂತು ಇದ್ದರೆ ರೆಸಿನ್ ಬ್ರೀದರಿಗೆ ಇಳಿದು ಹೋಗುತ್ತದೆ, ಒಳಗಿನ ರೆಸಿನ್ ಒತ್ತಡ ಬೀಳುತ್ತದೆ. ತೂತಿಲ್ಲದ ಫಿಲ್ಮ್, ಸುತ್ತ ನಾಲ್ಕೂ ಅಂಚಿಗೆ ಗ್ಲಾಸ್ ನೂಲು, ಆ ನೂಲಿನ ತುದಿ ಬ್ರೀದರಿಗೆ ತಾಗಿರಬೇಕು. ಮೊದಲ ಪದರಕ್ಕೆ 15 ನಿಮಿಷ ಡೀಬಲ್ಕ್ (ವ್ಯಾಕ್ಯೂಮಿನಲ್ಲಿ ಅದುಮಿ ಗಾಳಿ ತೆಗೆಯುವುದು), ಆಮೇಲೆ ಪ್ರತಿ 3 ಪದರಕ್ಕೊಮ್ಮೆ, ಕೊನೆಗೆ ರಾತ್ರಿಯಿಡೀ. ಅದು 22 ಡಿಗ್ರಿಯ ರೂಮಿನಲ್ಲೇ ಆಗಲಿ. ಬೇಗ ಆಗಲಿ ಎಂದು ಬಿಸಿ ಮಾಡಿದರೆ ರೆಸಿನ್ ಮೆತ್ತಗಾಗಿ ದಾರಿಯೇ ಮುಚ್ಚಿಹೋಗುತ್ತದೆ.

ಒಳಮೂಲೆಗಳಲ್ಲಿ ಬ್ಯಾಗು ಮೂಲೆಗೆ ತಾಗದೆ ಸೇತುವೆ ಕಟ್ಟುವ ಕಾಟ ಗೊತ್ತಿರುವುದೇ. ಪ್ಲೀಟ್ (ಬ್ಯಾಗಿನ ಮಡಿಕೆ) ಧಾರಾಳ ಬಿಡಿ, ಮೂಲೆಗೆ ರಬ್ಬರ್ ಪಟ್ಟಿ ಇಡಿ. ನಮ್ಮ ಪಟ್ಟಿ ಯಾವುದರದ್ದು, ಅದರ ಆಕಾರ ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಬಹಳ ದುಡ್ಡು ಹೋಗಿದೆ. 65ರಿಂದ 80 ಡಿಗ್ರಿಯ ನಡುವೆ ನಾವು ಮಾಡುವ ಸಣ್ಣ ಬದಲಾವಣೆಯೂ ನಮ್ಮಲ್ಲೇ ಇರಲಿ.

80ರಲ್ಲಿ ಜೆಲ್ ಮಾಡಿದ್ದಕ್ಕೆ ಟೂಲಿನಲ್ಲೂ ಲಾಭ ಸಿಕ್ಕಿತು. 600 ಮಿಮೀ ಅಲ್ಯೂಮಿನಿಯಂ ಟೂಲ್ 180ರಲ್ಲಿ 2 ಮಿಮೀಗೂ ಹೆಚ್ಚು ಹಿಗ್ಗುತ್ತದೆ, 80ರಲ್ಲಿ ಮುಕ್ಕಾಲು ಮಿಮೀ ಮಾತ್ರ. ಹೆಚ್ಚು ಹಿಗ್ಗದ ಇನ್ವಾರ್ ಲೋಹದ ಮಾತೇ ಬೇಡ, ಕಡಿಮೆ ಸಂಖ್ಯೆಯ ಭಾಗಗಳಿಗೆ ಎಪಾಕ್ಸಿ ಟೂಲಿಂಗ್ ಬೋರ್ಡೂ ಸಾಕು. 90 ಡಿಗ್ರಿ ಫ್ಲ್ಯಾಂಜ್ (ಮಡಚಿದ ಅಂಚು) ಒಂದು-ಒಂದೂಕಾಲು ಡಿಗ್ರಿ ಒಳಗೆ ಮುಚ್ಚಿಕೊಳ್ಳುತ್ತದೆ, ಟೂಲನ್ನು ಅಷ್ಟು ತೆರೆದೇ ಕತ್ತರಿಸಿ.

ಪಂಪಿಗೆ ಇನ್ವರ್ಟರ್ ಕಡ್ಡಾಯ. ಜೆಲ್‌ಗೆ ಮುಂಚೆ ಹೀಟರ್ ನಿಂತರೆ ಏನೂ ಆಗುವುದಿಲ್ಲ, ವ್ಯಾಕ್ಯೂಮ್ ನಿಂತರೆ ಪದರಗಳು ಉಬ್ಬಿ ಗಾಳಿ ಎಳೆದುಕೊಳ್ಳುತ್ತವೆ, ಮತ್ತೆ ಎಳೆದರೂ ಅದು ಹೋಗುವುದಿಲ್ಲ. ಇಲ್ಲಿ ಗುರುವಾರ ವಾರದ ರಜೆ, ಲೈನ್ ದುರಸ್ತಿಯೂ ಸಾಮಾನ್ಯವಾಗಿ ಅಂದೇ. ಬುಧವಾರ ಸಂಜೆ ಓವನ್ ತುಂಬುವುದಿಲ್ಲ.

ನಡುವೆ ಹನಿಕೋಂಬ್ ಫೇರಿಂಗನ್ನೂ (ಜೇನುಗೂಡಿನಂಥ ಕೋರ್ ಇರುವ, ಗಾಳಿ ಸರಾಗ ಹರಿಯಲು ಹಾಕುವ ಹೊದಿಕೆ) ಹಿಡಿದೆವು. ಘನ ಮೀಟರಿಗೆ 48 ಕಿಲೋ ಸಾಂದ್ರತೆಯ ನೋಮೆಕ್ಸ್ (ಅರಾಮಿಡ್ ಕಾಗದದ ಕೋರ್), ಎರಡೂ ಕಡೆ ಚರ್ಮವಾಗಿ ಪ್ರೀಪ್ರೆಗ್ 2 ಪದರ. ಇಲ್ಲಿ ತೊಡಕು ಬೇರೆ: ಸೆಲ್ಲಿನೊಳಗಿನ ಗಾಳಿ ತೆಗೆಯದಿದ್ದರೆ ಬಿಸಿಗೆ ಹಿಗ್ಗಿ ಚರ್ಮವನ್ನು ಎಬ್ಬಿಸುತ್ತದೆ, ಪೂರ್ತಿ ತೆಗೆದರೆ ಸೆಲ್ಲಿನ ಮೇಲಿನ ರೆಸಿನ್ನಿಗೆ ಒತ್ತಡವೇ ಇಲ್ಲದೆ ಅಂಟು ನೊರೆಯಾಗುತ್ತದೆ. ಟೂಲ್ ಕಡೆಯ ಮೈಯಲ್ಲಿ ಸೂಜಿಮೊನೆ ತೂತುಗಳು ಕಂಡದ್ದು ಇದರಿಂದಲೇ. ನೋಮೆಕ್ಸ್ ಕೂಡ ತೇವ ಕುಡಿಯುತ್ತದೆ, ಒಣಗಿಸಿದ ಮೇಲೆ ಗಂಟೆಯೊಳಗೆ ಬ್ಯಾಗಿಗೆ ಹೋಗಬೇಕು. ಹನಿಕೋಂಬ್ ಬದಲು ಪಿಎಂಐ ಎಂಬ ಗಟ್ಟಿ ಫೋಮ್ ಹಾಕಿ ನೋಡಿದೆವು. ತೂಕ ತುಸು ಏರಿತು, ಬೆಲೆ ಬಹಳ ಏರಿತು, ಆದರೆ ಅಂಟು ಚೊಕ್ಕವಾಗಿ ಕೂತಿತು. ಈಗ ತೆಳು ಚರ್ಮದ ಫೇರಿಂಗಿಗೆ ಫೋಮೇ. ಹನಿಕೋಂಬಿನದನ್ನು ಎರಡು ಹಂತದಲ್ಲಿ ಮಾಡುತ್ತಿದ್ದೇವೆ: ಚರ್ಮ ಮೊದಲೇ ಕ್ಯೂರ್ ಮಾಡಿ (ಬೇಯಿಸಿ ಗಟ್ಟಿಮಾಡಿ), ಕೋರನ್ನು ಫಿಲ್ಮ್ ಅಡ್ಹೆಸಿವ್‌ನಿಂದ ಆಮೇಲೆ ಅಂಟಿಸುವುದು. ಓವನ್ ಎರಡು ಸಲ ಓಡಬೇಕು, ವಿದ್ಯುತ್ ಬಿಲ್ಲು ಆ ಭಾಗಕ್ಕೆ ದುಪ್ಪಟ್ಟು. ಸ್ಕ್ರ್ಯಾಪ್ ಕಡಿಮೆಯಾಗುವುದರಿಂದ ಅದು ಗಿಟ್ಟುತ್ತದೆ.