ಹಳ್ಳ ಶುರುವಾಗುವುದು ಎಲ್ಲಿಂದ?

ಡ್ರೈನೇಜ್ ಡೆನ್ಸಿಟಿಯ, ಅಂದರೆ ಹಳ್ಳಗಳ ಸಾಂದ್ರತೆಯ ಸೂತ್ರ ಒಂದೇ ಸಾಲಿನದು. ಜಲಾನಯನದ ಒಳಗಿರುವ ಹಳ್ಳ, ತೊರೆಗಳ ಉದ್ದವನ್ನೆಲ್ಲ ಕೂಡಿಸಿ, ಜಲಾನಯನದ ವಿಸ್ತೀರ್ಣದಿಂದ ಭಾಗಿಸಿದರೆ ಆಯಿತು. ಅಮೆರಿಕದ ಜಲವಿಜ್ಞಾನಿ ರಾಬರ್ಟ್ ಹಾರ್ಟನ್ 1932ರಲ್ಲೇ ಕೊಟ್ಟ ಲೆಕ್ಕ ಇದು. ನಾನು ತೆಗೆದುಕೊಂಡ ಜಲಾನಯನ 48 ಚದರ ಕಿ.ಮೀ. ಇತ್ತು.

ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶವನ್ನು ಕ್ಯೂಜಿಐಎಸ್ ಅನ್ನುವ ನಕ್ಷೆಯ ಸಾಫ್ಟ್‌ವೇರ್‌ಗೆ ಹಾಕಿದೆ. ಇದರಲ್ಲಿ ನೆಲವನ್ನು 30 ಮೀಟರ್ ಬದಿಯ ಚೌಕಗಳಾಗಿ, ಅಂದರೆ ಸೆಲ್‌ಗಳಾಗಿ, ಹಂಚಿರುತ್ತದೆ. ಲೆಕ್ಕದಲ್ಲಿ ನೀರು ನಿಂತುಬಿಡದಂತೆ ದತ್ತಾಂಶದ ಗುಂಡಿಗಳನ್ನು ತುಂಬಿಸಿದೆ. ನೀರು ಯಾವ ಕಡೆ ಹರಿಯುತ್ತದೆ, ಎಲ್ಲಿ ಎಷ್ಟು ಸೇರುತ್ತದೆ ಅನ್ನುವುದನ್ನು ತೆಗೆದೆ. ಮೊದಲ ಸಲ ಉತ್ತರ 200 ದಾಟಿತು! ಉದ್ದ, ವಿಸ್ತೀರ್ಣ ಎರಡೂ ಡಿಗ್ರಿಯಲ್ಲೇ ಉಳಿದಿದ್ದವು. ಮೀಟರ್‌ನಲ್ಲಿ ಅಳೆಯುವ ಯುಟಿಎಂ ನಕ್ಷಾ ಪದ್ಧತಿಗೆ ಬದಲಾಯಿಸಿದ ಮೇಲೆ ಸರಿಹೋಯಿತು. ಇದು ಸಣ್ಣ ವಿಷಯ.

ನಿಜವಾದ ತೊಡಕು ಬೇರೆ. ಎಷ್ಟು ಸೆಲ್‌ಗಳ ನೀರು ಸೇರಿದ ಮೇಲೆ ಅದನ್ನು ಹಳ್ಳ ಅನ್ನಬೇಕು? 1000 ಸೆಲ್ ಅಂತ ಕೊಟ್ಟರೆ ಸಾಂದ್ರತೆ 1.1 ಬಂತು. 100 ಅಂತ ಕೊಟ್ಟರೆ 3.4. ನೆಲ ಅದೇ, ದತ್ತಾಂಶವೂ ಅದೇ, ಉತ್ತರ ಮಾತ್ರ ಮೂರು ಪಟ್ಟು! ಯಾವುದೋ ಒಂದನ್ನು ಸುಮ್ನೆ ಬರೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಹಾಗಾಗಿ ಮೂರು ಹಳ್ಳಗಳ ಗುಂಟ ಮೇಲಕ್ಕೆ ನಡೆದೆ. ಒಂದು ಕಡೆ ಗುರುತು ತುಂಬ ಸ್ಪಷ್ಟವಾಗಿತ್ತು. ಮೇಲ್ಗಡೆ ಇಳಿಜಾರಿನಲ್ಲಿ ಬರೀ ಹುಲ್ಲು, ಅದೂ ನೀರು ಹರಿದ ದಿಕ್ಕಿಗೆ ಮಲಗಿತ್ತು. ಅಲ್ಲಿಂದ ನಾಲ್ಕು ಹೆಜ್ಜೆ ಕೆಳಗೆ ಮಣ್ಣು ಮೊಣಕಾಲುದ್ದ ಕುಸಿದಿತ್ತು. ಕುಸಿದ ಕಡೆ ಬೇರುಗಳು ಹೊರಗೆ ಜೋತುಬಿದ್ದಿದ್ದವು. ಅದರ ಕೆಳಗೆ ಉರುಟು ಕಲ್ಲು, ಎರಡೂ ಬದಿಗೆ ದಡ. ಹಳ್ಳ ಹುಟ್ಟುವುದು ಇಲ್ಲೇ ಅಲ್ವಾ! ಅಲ್ಲೇ ನಿಂತು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡೆ.

ಮೂರೂ ಗುರುತುಗಳನ್ನು ಕ್ಯೂಜಿಐಎಸ್ ಎಳೆದ ಹಳ್ಳದ ಗೆರೆಗಳ ಮೇಲಿಟ್ಟು ನೋಡಿದಾಗ 300 ಸೆಲ್, ಅಂದರೆ 0.27 ಚದರ ಕಿ.ಮೀ., ಚೆನ್ನಾಗಿ ಕೂತಿತು. ಒಟ್ಟು ಉದ್ದ 101 ಕಿ.ಮೀ., ಸಾಂದ್ರತೆ ಚದರ ಕಿ.ಮೀ.ಗೆ 2.1 ಕಿ.ಮೀ. ಬಯಲಿನಲ್ಲಿ ಮಾತ್ರ ಗೆರೆಗಳು ಸ್ಕೇಲ್ ಇಟ್ಟು ಎಳೆದ ಹಾಗೆ ಅಕ್ಕಪಕ್ಕ ನೇರವಾಗಿ ಓಡಿದ್ದವು. ಸಪಾಟು ನೆಲದಲ್ಲಿ ಈ ತೊಂದರೆ ಜಾಸ್ತಿ. ಅವನ್ನು ಉಪಗ್ರಹ ಚಿತ್ರದ ಜೊತೆ ಹೋಲಿಸಿ ಕೈಯಾರೆ ತಿದ್ದಿದೆ. ಕೂಡಿಸಿದ ಉದ್ದ ಈ ತಿದ್ದಿದ ಗೆರೆಗಳದೇ.

ಈಗ ವರದಿಯಲ್ಲಿ 2.1ರ ಪಕ್ಕದಲ್ಲೇ 300 ಸೆಲ್, 30 ಮೀಟರ್ ಅಂತಲೂ ಬರೆಯುತ್ತೇನೆ. ಅವಿಲ್ಲದೆ ಬೇರೆ ಜಲಾನಯನದ ಜೊತೆ ಇದನ್ನು ಹೋಲಿಸಲು ಆಗುವುದಿಲ್ಲ.