ಎಲೆ ಚಿತ್ರದ ಟ್ಯಾಗ್ ಸಾಕಾ? ಎಕ್ಸಿಬಿಷನ್‌ನಲ್ಲಿ ಒಳ್ಳೆಯ ಡಿಸೈನರ್ ಹುಡುಕುವುದು ಹೀಗೆ

ಚೌತಿ ಕಳೆದು ನವರಾತ್ರಿ, ದೀಪಾವಳಿ ಹತ್ತಿರ ಬಂದರೆ ಸಾಕು, ಮಂಗಳೂರು, ಉಡುಪಿ, ಮಣಿಪಾಲದ ಹಾಲ್‌ಗಳಲ್ಲಿ ಬಟ್ಟೆ ಎಕ್ಸಿಬಿಷನ್‌ಗಳ ಸಾಲು. ಮೊದಲೆಲ್ಲ ಡಿಸ್ಕೌಂಟ್ ಬ್ಯಾನರ್ ಮಾತ್ರ ಇರುತ್ತಿತ್ತು. ಈಗ ‘ಸಸ್ಟೇನಬಲ್’, ‘ಎಥಿಕಲ್’, ‘ಇಕೋ ಫ್ರೆಂಡ್ಲಿ’ ಕೂಡ ಸೇರಿಕೊಂಡಿವೆ. ಕಂದು ಬಣ್ಣದ ಟ್ಯಾಗ್, ಅದಕ್ಕೊಂದು ಸೆಣಬಿನ ದಾರ, ಮೇಲೆ ಹಸಿರು ಎಲೆ. ನೇಕಾರರ ಜೊತೆ ಕೂತು ಕೆಲಸ ಮಾಡುವವರ ಸ್ಟಾಲ್‌ನಲ್ಲೂ ಇದೇ ಟ್ಯಾಗ್, ಎಲ್ಲಿಂದಲೋ ಬಂಡಲ್ ತರಿಸಿ ಚೀಟಿ ಮಾತ್ರ ಬದಲಿಸುವವರ ಸ್ಟಾಲ್‌ನಲ್ಲೂ ಇದೇ ಟ್ಯಾಗ್. ಹಾಗಾಗಿ ಟ್ಯಾಗ್ ಬಿಡಿ, ಮಾತಾಡಿಸಿ. ಏನು ಕೇಳಬೇಕು ಅಂತ ಗೊತ್ತಿದ್ದರೆ ಒಂದು ಸ್ಟಾಲ್‌ಗೆ ಹತ್ತು ನಿಮಿಷ ಧಾರಾಳ ಆಯ್ತು.

ನಾವು ಹುಡುಕುವುದು ಎರಡು ವಿಷಯ. ಬಟ್ಟೆ ತಯಾರಾಗುವಾಗ ನೀರು, ಮಣ್ಣು ಹಾಳಾಗಬಾರದು. ನೂತವರು, ನೇಯ್ದವರು, ಹೊಲಿದವರಿಗೆ ಸರಿಯಾದ ಕೂಲಿ ಸಿಕ್ಕಿರಬೇಕು. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದು ಬಂದಾಗ ಸ್ವಲ್ಪ ತಡವರಿಸುತ್ತಾರೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರಲ್ಲ, ಅವರಲ್ಲಿ ಬಹುಪಾಲು ದೊಡ್ಡ ದೊಡ್ಡ ಬ್ರಾಂಡ್‌ಗಳಿಗೆ ಬಟ್ಟೆ ಹೊಲಿಯುತ್ತಿದ್ದವರು. ‘ನನ್ನ ಬಟ್ಟೆ ಹೊಲಿದವರು ಯಾರು?’ ಅಂತ ಜಗತ್ತಿನಾದ್ಯಂತ ಗಿರಾಕಿಗಳು ಕೇಳಲು ಶುರು ಮಾಡಿದ್ದು ಆಮೇಲೆ. ನಮ್ಮೂರಿನ ಹಾಲ್‌ನಲ್ಲೂ ಅದನ್ನೇ ಕೇಳಬೇಕು.

ಹೊರಡುವ ಮೊದಲು

ಎಕ್ಸಿಬಿಷನ್ ನಡೆಸುವವರು ಸಾಮಾನ್ಯವಾಗಿ ಸ್ಟಾಲ್‌ಗಳ ಹೆಸರು ಇನ್‌ಸ್ಟಾಗ್ರಾಂನಲ್ಲಿ ಹಾಕಿರುತ್ತಾರೆ. ಆ ಹೆಸರುಗಳ ಪೇಜ್ ಒಂದೊಂದಾಗಿ ನೋಡಿ. ಬರೀ ಮಾಡೆಲ್ ಫೋಟೋಗಳಾ, ಅಥವಾ ಮಗ್ಗ, ಬಣ್ಣದ ಹಂಡೆ, ಹೊಲಿಗೆ ಮಿಷನ್ ಹಿಂದೆ ಕೂತವರು ಕೂಡ ಕಾಣಿಸುತ್ತಾರಾ? ವಾರಕ್ಕೊಂದು ‘ನ್ಯೂ ಕಲೆಕ್ಷನ್’ ಬರುತ್ತಿದ್ದರೆ ಅನುಮಾನ ಪಡಿ. ಕೈಯಲ್ಲಿ ನೇಯ್ದ ಬಟ್ಟೆ ಆ ಸ್ಪೀಡಲ್ಲಿ ಬರುವುದಿಲ್ಲ.

ಮೊದಲ ದಿನ, ಅದರಲ್ಲೂ ಬೆಳಿಗ್ಗೆ ಹೋಗಿ. ಆಗ ಡಿಸೈನರ್ ಸ್ವತಃ ಸ್ಟಾಲ್‌ನಲ್ಲಿ ಇರುತ್ತಾರೆ, ರಶ್ ಇರುವುದಿಲ್ಲ, ಮಾತಾಡಲು ಅವರಿಗೂ ಪುರುಸೊತ್ತು. ಭಾನುವಾರ ಸಂಜೆ ಹೋದರೆ ಬಿಲ್ ಹಾಕುವ ಹುಡುಗ ಮಾತ್ರ ಸಿಗುತ್ತಾನೆ, ಅವನನ್ನು ಕೇಳಿ ಪಾಪ ಏನು ಪ್ರಯೋಜನ. ಮನೆಯಿಂದ ಹೊರಡುವಾಗ ನಿಮಗೆ ಬೇಕಾದ್ದು ಏನು ಅಂತ ಬರೆದುಕೊಳ್ಳಿ, ಸುಮ್ನೆ ಹೋದರೆ ಸುಮ್ನೆ ತರುತ್ತೀರಿ. ಮೂರು ಕುರ್ತಾ ಕಪಾಟಿನಲ್ಲಿ ಇರುವಾಗ ನಾಲ್ಕನೆಯದು ಎಷ್ಟೇ ಪರಿಸರಸ್ನೇಹಿ ಆದರೂ ಜಾಸ್ತಿಯೇ ಅಲ್ವಾ?

ಮೊದಲ ಸುತ್ತು: ಪರ್ಸ್ ತೆಗೆಯಬೇಡಿ

ಇಡೀ ಹಾಲ್ ಒಮ್ಮೆ ಸುತ್ತಿ. ಒಂದೇ ಡಿಸೈನ್ ಎಲ್ಲ ಸೈಜ್‌ನಲ್ಲೂ ರಾಶಿ ರಾಶಿ ಇದೆಯಾ, ಅಥವಾ ಒಂದೆರಡು ಪೀಸ್ ಇಟ್ಟು ‘ಅಳತೆ ಕೊಡಿ, ಹೊಲಿದು ಕಳಿಸುತ್ತೇವೆ’ ಅನ್ನುತ್ತಾರಾ ನೋಡಿ. ಎರಡನೆಯ ತರದವರಲ್ಲಿ ಬಟ್ಟೆ ಉಳಿದು ಹಾಳಾಗುವುದು ಕಡಿಮೆ. ಇದೊಂದೇ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ, ಆದರೆ ಯಾರ ಹತ್ತಿರ ಎರಡನೇ ಸಲ ಹೋಗಬೇಕು ಅಂತ ಗೊತ್ತಾಗುತ್ತದೆ.

ಕೇಳುವುದು ಹೇಗೆ

‘ಇದು ಇಕೋ ಫ್ರೆಂಡ್ಲಿಯಾ?’ ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಇಲ್ಲ ಅಂದ ವ್ಯಾಪಾರಿ ಇನ್ನೂ ಹುಟ್ಟಿಲ್ಲ. ಹೌದು-ಇಲ್ಲ ಅಂತ ಮುಗಿಸಲು ಆಗದ ಪ್ರಶ್ನೆ ಕೇಳಿ. ಬಟ್ಟೆ ಯಾವ ಊರಲ್ಲಿ ನೇಯ್ದದ್ದು? ನೂಲು ಎಲ್ಲಿಯದು? ಬಣ್ಣ ಯಾರು ಹಾಕಿದ್ದು? ಹೊಲಿಯುವವರು ನಿಮ್ಮಲ್ಲೇ ಕೆಲಸಕ್ಕಿದ್ದಾರಾ, ಹೊರಗೆ ಕೊಡುತ್ತೀರಾ? ಕೂಲಿ ಪೀಸ್ ಲೆಕ್ಕವಾ, ದಿನದ ಲೆಕ್ಕವಾ? ಹೊಲಿದು ಉಳಿದ ತುಂಡು ಬಟ್ಟೆ ಏನು ಮಾಡುತ್ತೀರಿ?

ಎರಡು ತರದ ಉತ್ತರ ಬರುತ್ತದೆ. ಒಂದು: ‘ಎಲ್ಲ ಹ್ಯಾಂಡ್‌ಮೇಡ್ ಮೇಡಂ, ಫುಲ್ ನ್ಯಾಚುರಲ್, ಕಣ್ಣು ಮುಚ್ಚಿ ತಗೊಳ್ಳಿ.’ ಇನ್ನೊಂದು: ‘ಅಕ್ಕ, ಬಟ್ಟೆ ಇಳಕಲ್ ಕಡೆಯದ್ದು, ಕೈಮಗ್ಗ. ನೂಲು ಮಾತ್ರ ಮಿಲ್‌ನದ್ದು. ಈ ಕೆಂಪು ಮಂಜಿಷ್ಠದ್ದು, ಆದರೆ ಈ ಕಪ್ಪು ಕೆಮಿಕಲ್ ಬಣ್ಣವೇ, ನಮಗೆ ಗಿಡದ ಬಣ್ಣದಲ್ಲಿ ಇಷ್ಟು ಗಾಢ ಕಪ್ಪು ಇನ್ನೂ ಬರ್ತಾ ಇಲ್ಲ.’

ನನ್ನ ಓಟು ಎರಡನೆಯವರಿಗೆ. ತಮ್ಮಿಂದ ಆಗದ್ದನ್ನು ತಾವಾಗಿಯೇ ಹೇಳುವವರ ಉಳಿದ ಮಾತನ್ನು ನಂಬಬಹುದು. ಕೆಲಸ ಗೊತ್ತಿರುವವರು ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳುವುದೂ ಇಲ್ಲ, ಉಲ್ಟಾ ಕುರ್ಚಿ ಎಳೆದು ಕೂರಿಸಿ ಫೋನ್‌ನಲ್ಲಿ ಮಗ್ಗದ ವಿಡಿಯೋ ತೋರಿಸುತ್ತಾರೆ, ಹೊರಡಲು ಬಿಡುವುದಿಲ್ಲ.

ಇಲ್ಲೊಂದು ಸಣ್ಣ ವ್ಯತ್ಯಾಸ ತಿಳಿದಿರಲಿ. ಕೈಯಲ್ಲಿ ನೂತು, ಕೈಯಲ್ಲೇ ನೇಯ್ದರೆ ಮಾತ್ರ ಖಾದಿ. ಕೈಮಗ್ಗದ ಬಟ್ಟೆಯಲ್ಲಿ ನೇಯ್ಗೆ ಕೈಯದ್ದು, ನೂಲು ಹೆಚ್ಚಾಗಿ ಮಿಲ್‌ನದ್ದು. ಅದರಲ್ಲಿ ತಪ್ಪೇನಿಲ್ಲ. ಆದರೆ ಕೈಮಗ್ಗ ಅಂದಕೂಡಲೇ ಹತ್ತಿ ಸಾವಯವ ಅಂತ ಅಲ್ಲ, ಬಣ್ಣ ಗಿಡದ್ದು ಅಂತಲೂ ಅಲ್ಲ. ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಬಟ್ಟೆ ತಿರುಗಿಸಿ ನೋಡಿ

ಮುಂಭಾಗ ನೋಡಿದ್ದು ಸಾಕು, ಕುರ್ತಾ ಒಳಗೆ ಹೊರಗೆ ಮಾಡಿ. ಸೈಡ್ ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ? ಅರ್ಧ ಇಂಚಿಗಿಂತ ಜಾಸ್ತಿ ಇದ್ದರೆ ಮುಂದೆ ದಪ್ಪ ಆದಾಗ ಬಿಚ್ಚಿ ಹೊಲಿಸಬಹುದು, ನಾಲ್ಕು ವರ್ಷ ಹೆಚ್ಚು ಬರುತ್ತದೆ. ಓವರ್‌ಲಾಕ್ ದಾರ ಈಗಲೇ ನೇತಾಡುತ್ತಿದ್ದರೆ ಮೂರು ಒಗೆತಕ್ಕೆ ಬಿಡುತ್ತದೆ. ಕಂಕುಳಿನ ಹತ್ತಿರ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಹೊಲಿಗೆ ಬಾಯಿ ಬಿಟ್ಟು ಬೆಳಕು ಕಂಡರೆ ವಾಪಸ್ ಇಡಿ. ನಮ್ಮ ಸೆಖೆಗೆ ಬಟ್ಟೆ ಮೊದಲು ಸೋಲುವುದೇ ಅಲ್ಲಿ.

ಸೀರೆಯಾದರೆ ಉದ್ದದ ಅಂಚನ್ನು ಬೆಳಕಿಗೆ ಹಿಡಿಯಿರಿ. ನೇಯುವಾಗ ಬಟ್ಟೆಯ ಅಗಲ ಕುಗ್ಗದಂತೆ ಮಗ್ಗದಲ್ಲಿ ಒಂದು ಕೋಲು ಎಳೆದು ಹಿಡಿದಿರುತ್ತದೆ, ಅದರ ಪಿನ್ನಿನ ಗುರುತು ಅಂಚಿನಲ್ಲಿ ಚುಕ್ಕಿ ಚುಕ್ಕಿ ತೂತುಗಳಾಗಿ ಉಳಿಯುತ್ತದೆ. ಹೊಕ್ಕಿನ ಎಳೆ, ಅಂದರೆ ಅಡ್ಡಕ್ಕೆ ನೇಯುವ ಎಳೆ, ಅಲ್ಲಲ್ಲಿ ಒಂಚೂರು ದಪ್ಪ, ಒಂಚೂರು ತೆಳು. ಪವರ್‌ಲೂಮ್ ಬಟ್ಟೆಯಲ್ಲೂ ಕೆಲವೊಮ್ಮೆ ಅಂಚಿನಲ್ಲಿ ಗುರುತು ಇರುವುದರಿಂದ ಇದೊಂದನ್ನೇ ನಂಬಬೇಡಿ. ಕಸೂತಿ ಕೆಲಸ ಇದ್ದರೆ ಹಿಂಭಾಗ ನೋಡಿ. ಧಾರವಾಡ ಕಡೆಯ ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ತರ ಕಾಣುತ್ತದೆ. ಮಿಷನ್ ಕಸೂತಿಯ ಹಿಂದೆ ಬೇರೆಯೇ ದಾರ, ಕಾಗದದಂಥ ಪದರ ಇರುತ್ತದೆ.

ಹತ್ತಿಯಾ, ಪಾಲಿಯೆಸ್ಟರಾ ಅಂತ ಅನುಮಾನ ಬಂದರೆ ಡಿಸೈನರ್ ಹತ್ತಿರ ಒಂದೆರಡು ಎಳೆ ಕೇಳಿ ತಂದು ಮನೆಯಲ್ಲಿ ಸುಟ್ಟು ನೋಡಿ, ಹಾಲ್‌ನಲ್ಲಿ ಬೇಡ ಮಾರಾಯ್ರೆ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಣ್ಣದ ವಿಷಯ

ಬಣ್ಣಕ್ಕೂ ನಮ್ಮ ಊರಿಗೂ ಹಳೆಯ ನಂಟು. 1850ರ ದಶಕದ ಶುರುವಿನಲ್ಲಿ ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಖಾಕಿ ಬಣ್ಣ ಕಂಡುಹಿಡಿದ ಅಂತ ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಈಗ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರನ್ನೂ ಬಟ್ಟೆಗೆ ಹಾಕುತ್ತಾರೆ. ಸಾಗರದ ಹತ್ತಿರದ ಹೆಗ್ಗೋಡಿನ ‘ಚರಕ’ ಕೈಮಗ್ಗ ಸಹಕಾರ ಸಂಘದವರು ಇದರಲ್ಲಿ ಮೊದಲಿನಿಂದ ಇದ್ದಾರೆ, ಕಾರ್ಕಳದ ಕದಿಕೆ ಟ್ರಸ್ಟ್‌ನ ಪ್ರಯತ್ನದಿಂದ ಉಡುಪಿ ಸೀರೆಗೂ ಚೊಗರು ಬಂದಿದೆ. ಇಟ್ಟಿಗೆ ಕೆಂಪು, ಕಂದು, ತಿಳಿ ಗುಲಾಬಿಯ ಆಚೀಚೆ ಇರುವ ಬಣ್ಣ. ಒಮ್ಮೆ ನೋಡಿದರೆ ಆಮೇಲೆ ಗುರುತು ಸಿಗುತ್ತದೆ.

‘ನ್ಯಾಚುರಲ್ ಡೈ’ ಅಂದವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಬಣ್ಣ ಕಚ್ಚಲು ಏನು ಹಾಕುತ್ತೀರಿ? ಹತ್ತಿ ಸುಮ್ನೆ ಗಿಡದ ಬಣ್ಣ ಹಿಡಿಯುವುದಿಲ್ಲ. ಅಳಲೆಕಾಯಿ, ಪಟಿಕ, ಕಪ್ಪಿಗೆ ಕಬ್ಬಿಣದ ನೀರು, ಹೀಗೆ ಏನೋ ಒಂದು ಬೇಕೇ ಬೇಕು. ನೀಲಿ ಗಿಡದ ಬಣ್ಣದಂಥ ಕೆಲವಕ್ಕೆ ಮಾತ್ರ ಅದು ಬೇಡ. ನಿಜವಾಗಿ ಬಣ್ಣ ಹಾಕುವವರು ಇದನ್ನು ಅಡುಗೆ ಹೇಳಿದಂತೆ ಹೇಳುತ್ತಾರೆ. ಕ್ರೋಮಿಯಂ ಉಪ್ಪು ಬಳಸಿದರೆ ಬಣ್ಣ ಗಿಡದ್ದಾದರೂ ಚರಂಡಿಗೆ ಹೋಗುವ ನೀರು ವಿಷವೇ. ರೇಡಿಯಂ ಹಸಿರು, ಕಣ್ಣು ಕುಕ್ಕುವ ಗುಲಾಬಿ ತೋರಿಸಿ ಗಿಡದ ಬಣ್ಣ ಅಂದರೆ ನಕ್ಕು ಮುಂದೆ ಹೋಗಿ.

ಲೇಬಲ್‌ಗಳು

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್, ಅಪ್ಪಟ ರೇಷ್ಮೆಗೆ ಸಿಲ್ಕ್ ಮಾರ್ಕ್, ಖಾದಿಗೆ ಖಾದಿ ಮಾರ್ಕ್. ಸಾವಯವ ಹತ್ತಿಗೆ ಗಾಟ್ಸ್ (GOTS) ಅನ್ನುವ ಅಂತಾರಾಷ್ಟ್ರೀಯ ಲೇಬಲ್ ಇದೆ. ಅದರಲ್ಲಿ ‘ಆರ್ಗ್ಯಾನಿಕ್’ ಅಂತಷ್ಟೇ ಇದ್ದರೆ ಕನಿಷ್ಠ 95%, ‘ಮೇಡ್ ವಿತ್ ಆರ್ಗ್ಯಾನಿಕ್’ ಅಂತ ಇದ್ದರೆ ಕನಿಷ್ಠ 70% ಸಾವಯವ ನಾರು. ಲೇಬಲ್ ಮೇಲಿನ ಲೈಸೆನ್ಸ್ ನಂಬರನ್ನು ಅವರ ವೆಬ್‌ಸೈಟಿನಲ್ಲಿ ಹಾಕಿ ನಿಂತಲ್ಲೇ ನೋಡಬಹುದು. ಉಡುಪಿ ಸೀರೆಗೆ 2016ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿದೆ, ಆದರೆ ಜಿಐ ಹೇಳುವುದು ಊರಿನ ಗುರುತನ್ನು, ಕೂಲಿಯನ್ನಲ್ಲ.

ಸಣ್ಣ ಡಿಸೈನರ್‌ಗಳ ಹತ್ತಿರ ಇವು ಯಾವುದೂ ಇರದೆ ಹೋಗಬಹುದು. ಸರ್ಟಿಫಿಕೇಟ್‌ಗೆ ದುಡ್ಡು ಖರ್ಚಾಗುತ್ತದೆ, ನಾಲ್ಕು ಜನ ಟೈಲರ್ ಇಟ್ಟುಕೊಂಡವರಿಗೆ ಅದು ಭಾರ. ಲೇಬಲ್ ಇಲ್ಲ ಅಂತ ಬಿಟ್ಟು ಬರಬೇಡಿ, ಪ್ರಶ್ನೆ ಜಾಸ್ತಿ ಕೇಳಿ.

ಕಿವಿ ನಿಮಿರಬೇಕಾದ ಮಾತುಗಳು

‘ಬ್ಯಾಂಬೂ ಫ್ಯಾಬ್ರಿಕ್’: ಬಹುತೇಕ ವಿಸ್ಕೋಸ್, ಅಂದರೆ ಬಿದಿರನ್ನು ಕೆಮಿಕಲ್‌ನಲ್ಲಿ ಕರಗಿಸಿ ಎಳೆ ತೆಗೆದದ್ದು. ಮೆತ್ತಗೆ ಇರುತ್ತದೆ ನಿಜ, ಬಿದಿರಿನ ಪುಣ್ಯ ಅದಕ್ಕೆ ಪೂರ್ತಿ ಸಲ್ಲುವುದಿಲ್ಲ. ‘ವೀಗನ್ ಲೆದರ್’ ಹೆಚ್ಚಿನ ಸಲ ಪ್ಲಾಸ್ಟಿಕ್ಕೇ, ನಮ್ಮ ಮಳೆಗಾಲದ ಕಪಾಟಿನಲ್ಲಿ ಸಿಪ್ಪೆ ಎದ್ದು ಬರುತ್ತದೆ. ಬಾಟಲಿಯಿಂದ ಮಾಡಿದ ರೀಸೈಕಲ್ಡ್ ಪಾಲಿಯೆಸ್ಟರ್ ಹೊಸದಕ್ಕಿಂತ ವಾಸಿ, ಆದರೆ ಒಗೆದಾಗ ಅದರ ಎಳೆಗಳೂ ನೀರಿಗೆ ಸೇರುತ್ತವೆ, ಕರಾವಳಿಯಲ್ಲಿ ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ. ಹಳೆ ಸೀರೆಯಿಂದ ಹೊಲಿದ ‘ಅಪ್‌ಸೈಕಲ್’ ಜಾಕೆಟ್ ನನಗೆ ಇಷ್ಟ. ಸೀರೆ ಎಲ್ಲಿಂದ ಬಂತು ಅಂತ ಮಾತ್ರ ಕೇಳಿ, ಹೊಸ ಸೀರೆ ಕತ್ತರಿಸಿಯೂ ಅದೇ ಹೆಸರಲ್ಲಿ ಮಾರುವವರಿದ್ದಾರೆ. ಅಹಿಂಸಾ ರೇಷ್ಮೆಯಲ್ಲಿ ಚಿಟ್ಟೆ ಹೊರಗೆ ಬಂದ ಮೇಲೆ ಗೂಡಿನ ನೂಲು ತೆಗೆಯುತ್ತಾರೆ. ಎಳೆ ತುಂಡಾಗಿರುವುದರಿಂದ ಹತ್ತಿಯಂತೆ ನೂಲಬೇಕು, ಹೊಳಪು ಕಡಿಮೆ. ಫಳಫಳ ಹೊಳೆಯುತ್ತಿದ್ದರೆ ಇನ್ನೊಮ್ಮೆ ಕೇಳಿ.

ರೇಟು ಮತ್ತು ಬಿಲ್

ಕೈಮಗ್ಗದ ಒಂದು ಸೀರೆಗೆ ನೇಕಾರರ ಎರಡು ದಿನ ಹಿಡಿಯಿತು ಅಂದುಕೊಳ್ಳಿ. ನೂಲು ಸುತ್ತುವುದು, ಮಗ್ಗಕ್ಕೆ ಹಾಸು (ಉದ್ದದ ಎಳೆ) ಹೂಡುವುದು ಬೇರೆ. ಅದನ್ನು 600 ರೂಪಾಯಿಗೆ ಕೊಡುತ್ತೇನೆ ಅಂದರೆ ನೂಲು, ಬಣ್ಣ, ಸ್ಟಾಲ್ ಬಾಡಿಗೆ ಕಳೆದು ನೇಯ್ದವರಿಗೆ ಉಳಿಯುವುದು ಏನು? ಒಂದೋ ಅದು ಕೈಮಗ್ಗ ಅಲ್ಲ, ಇಲ್ಲಾ ಯಾರದ್ದೋ ಕೂಲಿ ಹೊಡೆದಿದ್ದಾರೆ. ಹಾಗಂತ 12,000 ಅಂದವರೆಲ್ಲ ಸಾಚಾ ಅಂತಲೂ ಅಲ್ಲ, ಅದರಲ್ಲಿ ನೇಕಾರರಿಗೆ ಎಷ್ಟು ಹೋಗುತ್ತದೆ ಅಂತ ಕೇಳುವ ಹಕ್ಕು ಇನ್ನೂ ಜಾಸ್ತಿ. ಚೌಕಾಸಿ ಮಾಡುವ ಬದಲು, ಫಾಲ್ ಹಾಕಿ ಕೊಡುತ್ತೀರಾ, ಬಟನ್ ಕಿತ್ತರೆ, ಹೊಲಿಗೆ ಬಿಟ್ಟರೆ ರಿಪೇರಿ ಮಾಡಿಕೊಡುತ್ತೀರಾ ಅಂತ ಕೇಳಿ. ಒಳ್ಳೆಯವರು ಖುಷಿಯಿಂದ ಒಪ್ಪುತ್ತಾರೆ.

ಬಿಲ್ ಬೇಕೇ ಬೇಕು. ಅದರಲ್ಲಿ ‘ಕಾಟನ್ ಹ್ಯಾಂಡ್‌ಲೂಮ್’, ‘ನ್ಯಾಚುರಲ್ ಡೈ’ ಅಂತ ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ್ದನ್ನು ಬಿಲ್‌ನಲ್ಲಿ ಬರೆಯಲು ಹಿಂದೇಟು ಹಾಕಿದರೆ ಅಲ್ಲಿಗೆ ಉತ್ತರ ಸಿಕ್ಕಿತು. ಪರಿಸರದ ಹೆಸರಲ್ಲಿ ಸುಳ್ಳು ಹೇಳಿ ಮಾರುವುದರ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ‘ಗ್ರೀನ್’, ‘ಇಕೋ’, ‘ಆರ್ಗ್ಯಾನಿಕ್’ ಅಂದರೆ ಆಧಾರ ಇರಬೇಕು. ಮೋಸ ಆಯ್ತು ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಬಿಲ್ ಇದ್ದರೆ ಕೆಲಸ ಸುಲಭ.

ಎಕ್ಸಿಬಿಷನ್ ಮುಗಿದ ಮೇಲೆ

ಇಷ್ಟವಾದ ಇಬ್ಬರು ಮೂವರ ನಂಬರ್ ತಗೊಂಡು ‘ನಿಮ್ಮ ಕೆಲಸದ ಜಾಗ ನೋಡಲು ಬರಬಹುದಾ?’ ಅಂತ ಕೇಳಿ. ಬನ್ನಿ ಅಂದರೆ ಹೋಗಿ. ಮಗ್ಗವನ್ನೇ ನೋಡದವರು ಒಮ್ಮೆ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಕಡೆ ಹೋಗಿ ಬನ್ನಿ, ಮಂಗಳೂರಿನಿಂದ ದೂರ ಏನಿಲ್ಲ. ನೇಯುವುದನ್ನು ಕಣ್ಣಾರೆ ನೋಡಿದರೆ ಮುಂದಿನ ಎಕ್ಸಿಬಿಷನ್‌ನಲ್ಲಿ ನಿಮ್ಮ ಪ್ರಶ್ನೆಗಳೇ ಬೇರೆ ಆಗುತ್ತವೆ.

ತಂದ ಬಟ್ಟೆಯನ್ನು ಮೊದಲ ಎರಡು ಮೂರು ಸಲ ಬೇರೆಯಾಗಿ, ತಣ್ಣೀರಿನಲ್ಲಿ ಒಗೆಯಿರಿ. ನೀಲಿ ಸ್ವಲ್ಪ ಬಿಟ್ಟರೆ ಗಾಬರಿ ಬೇಡ, ಗಿಡದ ನೀಲಿಯೂ ಶುರುವಿನಲ್ಲಿ ಬಿಡುತ್ತದೆ. ನೆರಳಲ್ಲಿ ಒಣಗಿಸಿ. ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಗಂಜಿ ಹಾಕಿದ ಸೀರೆ ಕಪಾಟಿನಲ್ಲಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಮಳೆಗಾಲಕ್ಕೆ ಮೊದಲೇ ಗಂಜಿ ತೆಗೆದು, ಚೆನ್ನಾಗಿ ಒಣಗಿಸಿ, ಹಳೆ ಕಾಟನ್ ಪಂಚೆಯಲ್ಲಿ ಸುತ್ತಿಡಿ. ಬಿಸಿಲು ಬಂದ ದಿನ ಕಿಟಕಿ ಪಕ್ಕ ಒಂದು ಗಂಟೆ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಮತ್ತೆ ಮಡಚಿ.